ಅಜ್ಜನ ಕೋವಿಗೆ ಹೊಸ ಮೆರುಗು ಬೇಡ

ತಮ್ಮನ ದುಬೈ ಪ್ರಯಾಣದ ಖರ್ಚಿಗೆಂದು ಅಜ್ಜನ ಕೋವಿಗೆ ಮೆರುಗು ಹಾಕಿಸಿ ಮಾರುವುದಾಗಿ ಅಪ್ಪ ಕೊಡಗಿನಿಂದ ಕರೆ ಮಾಡಿದರು. ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ ಅರೆಸ್ವಯಂಚಾಲಿತ ‘ಆಟೊ-5’ ಅದು, ಬೆಲ್ಜಿಯಂನಲ್ಲಿ ತಯಾರಾದದ್ದು.

ಅಬುಧಾಬಿಯ ಬೇಟೆ ಮತ್ತು ಅಶ್ವಾರೋಹಣ ಪ್ರದರ್ಶನದಲ್ಲಿ ಬಲ್ಲವರೊಬ್ಬರಿಗೆ ಅದರ ಚಿತ್ರಗಳನ್ನು ತೋರಿಸಿದೆ. ಕ್ರಮಸಂಖ್ಯೆಯೂ ನಳಿಗೆಯ ಮೇಲಿನ ಲಿಯೇಜ್ ನಗರದ ಪರೀಕ್ಷಾ ಮುದ್ರೆಗಳೂ ಕೋವಿಯ ಕಾಲವನ್ನು ಹೇಳುತ್ತವೆ; ಎರಡೂ ಹೊಂದದಿದ್ದರೆ ನಳಿಗೆ ಬದಲಾಗಿರಬಹುದು. ಮಾಸಿದ್ದರೂ ಮೂಲ ಮೆರುಗಿಗೇ ಬೆಲೆ. ಉಜ್ಜಿದರೆ ಮುದ್ರೆ ಅಳಿಸಿ ಬೆಲೆಯೂ ಕುಸಿಯುತ್ತದೆ ಎಂದರು.

“ಅಪ್ಪಾ, ಉಜ್ಜಿಸಬೇಡಿ. ಟಿಕೆಟ್ಟಿನ ಹಣ ನಾನು ಕಳುಹಿಸುವೆ” ಎಂದೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ಕೋವಿ ಎಂದಿನಂತೆ ತೋಕ್ ಪೂ ಮುಡಿದು ಪೂಜೆಗೊಂಡಿತು.