ತಲೆನೋವು ಎಲ್ಲಿ, ಹೇಗೆ? ಚೀನಾದ ಸಾಂಪ್ರದಾಯಿಕ ವೈದ್ಯ ಪದ್ಧತಿ ನೋಡುವುದು ಹೀಗೆ

ತಲೆನೋವು ಬಂದರೆ ನಮ್ಮಲ್ಲಿ ಹೆಚ್ಚಿನವರು ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನುಂಗಿ ಸುಮ್ಮನಾಗುತ್ತಾರೆ. ನೋವು ಹಣೆಯಲ್ಲಿರಲಿ, ಕತ್ತಿನ ಹಿಂದಿರಲಿ, ಮಾತ್ರೆ ಮಾತ್ರ ಅದೇ. ಚೀನಾದ ಸಾಂಪ್ರದಾಯಿಕ ವೈದ್ಯರು ಹಾಗಲ್ಲ, ಮೊದಲು ಪ್ರಶ್ನೆ ಕೇಳುತ್ತಾರೆ. ನೋವು ಯಾವ ಭಾಗದಲ್ಲಿದೆ? ಸಿಡಿಯುತ್ತದೆಯೇ, ಭಾರ ಎನಿಸುತ್ತದೆಯೇ? ಗಾಳಿಗೆ ಹೋದರೆ ಹೆಚ್ಚುತ್ತದೆಯೇ? ನಿದ್ದೆ, ಹಸಿವು, ಮುಟ್ಟು ಸರಿಯಾಗಿದೆಯೇ? ಬಳಿಕ ನಾಲಿಗೆಯ ಬಣ್ಣ ನೋಡಿ, ಎರಡೂ ಕೈಗಳ ನಾಡಿ ಹಿಡಿಯುತ್ತಾರೆ.

ಹರಿವು ನಿಂತರೆ ನೋವು

ಈ ಪದ್ಧತಿಯ ಪ್ರಕಾರ ದೇಹದಲ್ಲಿ 'ಚಿ' ಎಂಬ ಜೀವಶಕ್ತಿ ನಿರ್ದಿಷ್ಟ ಮಾರ್ಗಗಳಲ್ಲಿ ಹರಿಯುತ್ತಿರುತ್ತದೆ. ಚಿ ಅಥವಾ ರಕ್ತದ ಹರಿವಿಗೆ ಅಡ್ಡಿಯಾದರೆ ನೋವು ಬರುತ್ತದೆ. ಅವು ತಲೆಗೆ ಸಾಕಷ್ಟು ತಲುಪದಿದ್ದರೂ ನೋವು ಬರುತ್ತದೆ.

ಕಾರಣಗಳು ಎರಡು ಬಗೆ. ಗಾಳಿ, ಚಳಿ, ಉಷ್ಣ, ತೇವ ಹೊರಗಿನ ಕಾರಣಗಳು. ಚಳಿಗಾಳಿಯ ತಲೆನೋವು ಕತ್ತು, ಬೆನ್ನಿಗೂ ಇಳಿಯುತ್ತದೆ. ತೇವದಿಂದ ಬಂದದ್ದಾದರೆ ತಲೆಗೆ ಒದ್ದೆ ಬಟ್ಟೆ ಸುತ್ತಿದಂತೆ ಭಾರವಾಗಿರುತ್ತದೆ. ಇನ್ನು ಒಳಗಿನ ಕಾರಣಗಳು. ಸಿಟ್ಟು, ಒತ್ತಡದಿಂದ 'ಯಕೃತ್ತಿನ ಯಾಂಗ್' ಮೇಲೇರಿದರೆ ಕಪಾಲದ ಪಕ್ಕ ಸಿಡಿಯುತ್ತದೆ, ತಲೆ ಸುತ್ತುತ್ತದೆ. ರಕ್ತದ ಕೊರತೆಯಿದ್ದರೆ ದಣಿದಾಗ ಮಂದ ನೋವು ಕಾಡುತ್ತದೆ. ಒಂದೇ ಜಾಗದಲ್ಲಿ ಚುಚ್ಚುವ ಹಳೆಯ ನೋವನ್ನು ರಕ್ತ ಕಟ್ಟಿಕೊಂಡದ್ದರ ಲಕ್ಷಣ ಎನ್ನುತ್ತಾರೆ. ಇಲ್ಲಿ 'ಯಕೃತ್ತು' ಎಂದರೆ ಲ್ಯಾಬ್ ಪರೀಕ್ಷೆಯಲ್ಲಿ ಕಾಣುವ ಲಿವರ್ ದೋಷವಲ್ಲ, ಅದು ಈ ಪದ್ಧತಿಯದ್ದೇ ಆದ ಕಲ್ಪನೆ.

ನೋವಿನ ಜಾಗವೂ ಮುಖ್ಯ. ಹಣೆಯ ನೋವನ್ನು 'ಯಾಂಗ್‌ಮಿಂಗ್', ಪಕ್ಕದ್ದನ್ನು 'ಶಾವ್‌ಯಾಂಗ್', ಹಿಂದಲೆಯದ್ದನ್ನು 'ತಾಯ್‌ಯಾಂಗ್', ನಡುನೆತ್ತಿಯದ್ದನ್ನು 'ಜುಯೆಯಿನ್' ಮಾರ್ಗಕ್ಕೆ ಸೇರಿಸುತ್ತಾರೆ. ಹೀಗಾಗಿ ಆಧುನಿಕ ವೈದ್ಯರು ಮೈಗ್ರೇನ್ ಎಂದು ಒಂದೇ ಹೆಸರು ಕೊಟ್ಟ ಇಬ್ಬರಿಗೆ ಇಲ್ಲಿ ಬೇರೆ ಬೇರೆ ಚಿಕಿತ್ಸೆ ಸಿಗಬಹುದು.

ಸೂಜಿ ಮತ್ತು ಗಿಡಮೂಲಿಕೆ

ಅಕ್ಯುಪಂಕ್ಚರ್‌ನಲ್ಲಿ ತೆಳುವಾದ ಸೂಜಿಗಳನ್ನು ಆಯ್ದ ಬಿಂದುಗಳಲ್ಲಿ ಚುಚ್ಚಿ ಸ್ವಲ್ಪ ಹೊತ್ತು ಬಿಡುತ್ತಾರೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ 'ಹೆಗು', ತಲೆಬುರುಡೆಯ ಬುಡದಲ್ಲಿ ಕತ್ತಿನ ಇಬ್ಬದಿಯ 'ಫೆಂಗ್‌ಚಿ', ನಡುನೆತ್ತಿಯ 'ಬಾಯ್‌ಹುಯಿ' ತಲೆನೋವಿಗೆ ಹೆಚ್ಚು ಬಳಸುವ ಬಿಂದುಗಳು. ಗರ್ಭಿಣಿಯರಿಗೆ ಹೆಗು ಬಿಂದುವನ್ನು ಬಳಸಬಾರದು ಎಂಬುದು ಈ ಪದ್ಧತಿಯ ನಿಯಮ.

ಮೂಲಿಕೆಗಳಲ್ಲಿ 'ಚುವಾನ್‌ಶಿಯೋಂಗ್' ಎಂಬ ಬೇರು ಪ್ರಮುಖ. ಇದನ್ನು ಸೇರಿಸಿ ಮಾಡಿದ ಪುಡಿಯನ್ನು ಚಹಾದೊಂದಿಗೆ ಸೇವಿಸುವ ಕ್ರಮ ಸೋಂಗ್ ರಾಜವಂಶದ ಕಾಲದಿಂದಲೂ ಇದೆ.

ಸಾಬೀತಾಗಿರುವುದೆಷ್ಟು?

ಆಗಾಗ ಬರುವ ಮೈಗ್ರೇನ್ ತಡೆಯಲು ಅಕ್ಯುಪಂಕ್ಚರ್ ನೆರವಾಗುತ್ತದೆಯೇ ಎಂದು 2016ರಲ್ಲಿ ಕಾಕ್ರೇನ್ ಸಂಸ್ಥೆ 22 ಪ್ರಯೋಗಗಳನ್ನು ಪರಿಶೀಲಿಸಿತು. ಒಟ್ಟು 4,985 ಜನರು ಇವುಗಳಲ್ಲಿ ಭಾಗವಹಿಸಿದ್ದರು. ಸೂಜಿ ಚಿಕಿತ್ಸೆ ಪಡೆದವರಲ್ಲಿ 41 ಶೇಕಡಾ ಮಂದಿಗೆ ತಲೆನೋವು ಬರುವುದು ಅರ್ಧಕ್ಕಿಳಿಯಿತು, ಪಡೆಯದವರಲ್ಲಿ ಈ ಪ್ರಮಾಣ 17. ಆದರೆ ನಕಲಿ ಸೂಜಿ ಚಿಕಿತ್ಸೆಯ ಜೊತೆ ಹೋಲಿಸಿದಾಗ ಅಂತರ 50ಕ್ಕೆ 41, ಅಂದರೆ ಸಣ್ಣದು. ಪ್ರಯೋಜನದ ದೊಡ್ಡ ಪಾಲು ಬಿಂದುಗಳ ಆಯ್ಕೆಯಿಂದ ಬರುತ್ತಿಲ್ಲ ಎಂಬ ಅನುಮಾನ ಇದರಿಂದ ಹುಟ್ಟುತ್ತದೆ. 'ಚಿ' ಹರಿಯುವ ಮಾರ್ಗಗಳು ಅಂಗರಚನೆಯಲ್ಲಿ ಕಂಡುಬಂದಿಲ್ಲ. ಆದರೂ ಬ್ರಿಟನ್‌ನ ನೈಸ್ ಸಂಸ್ಥೆಯ 2012ರ ಮಾರ್ಗಸೂಚಿ, ದೀರ್ಘಕಾಲದ ಒತ್ತಡದ ತಲೆನೋವನ್ನು ತಡೆಯಲು 5ರಿಂದ 8 ವಾರಗಳಲ್ಲಿ 10 ಬಾರಿಯವರೆಗೆ ಅಕ್ಯುಪಂಕ್ಚರ್ ಮಾಡಿಸುವುದನ್ನು ಪರಿಗಣಿಸಬಹುದು ಎಂದಿದೆ.

ಮೂಲಿಕೆಗಳ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಔಷಧಿಗೆ ಒಂದು ಚೀನೀ ಮೂಲಿಕೆಯ ಬದಲು ಅರಿಸ್ಟೊಲೋಕಿಕ್ ಆಮ್ಲವಿದ್ದ ಇನ್ನೊಂದು ಸೇರಿ, ಅನೇಕ ಮಹಿಳೆಯರ ಕಿಡ್ನಿ ಹಾಳಾಯಿತು. ಹೆಸರು ತಿಳಿಯದ ಪುಡಿಯನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡು ಸೇವಿಸಬೇಡಿ. ಬಿಪಿ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ನಿಮ್ಮ ವೈದ್ಯರಿಗೆ ತಿಳಿಸಿ.

ಭಾರತದಲ್ಲಿ

ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಅಕ್ಯುಪಂಕ್ಚರ್‌ಗೆ ಸ್ವತಂತ್ರ ಚಿಕಿತ್ಸಾ ವಿಧಾನವೆಂಬ ಮಾನ್ಯತೆ ನೀಡಿತು. ಮಹಾರಾಷ್ಟ್ರದಲ್ಲಿ ಇದಕ್ಕೆ ಪ್ರತ್ಯೇಕ ಕಾನೂನೇ ಇದೆ. ಹಾಗಾಗಿ ಮುಂಬೈ, ಪುಣೆಯಲ್ಲಿರುವವರು ಚಿಕಿತ್ಸಕರ ನೋಂದಣಿ ಕೇಳಿ ನೋಡಿ. ಎಲ್ಲೇ ಇರಲಿ, ಒಮ್ಮೆ ಬಳಸಿ ಎಸೆಯುವ ಸೂಜಿಯನ್ನು ನಿಮ್ಮೆದುರೇ ತೆರೆಯಲು ಹೇಳಿ.

ಇವುಗಳಿದ್ದರೆ ನೇರ ಆಸ್ಪತ್ರೆಗೆ

* ಹಿಂದೆಂದೂ ಕಾಣದ ತೀವ್ರ ನೋವು ಏಕಾಏಕಿ ಬಂದರೆ
* ಜ್ವರದ ಜೊತೆ ಕತ್ತು ಬಿಗಿದರೆ
* ಕೈಕಾಲು ಸೋತರೆ, ಮಾತು ತೊದಲಿದರೆ, ದೃಷ್ಟಿ ಮಂಜಾದರೆ
* ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಹೆಚ್ಚುತ್ತಿದ್ದರೆ
* 50 ವರ್ಷ ದಾಟಿದ ಮೇಲೆ ಹೊಸದಾಗಿ ತಲೆನೋವು ಶುರುವಾದರೆ

ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ಸಾಮಾನ್ಯ ನೋವಿನ ಮಾತ್ರೆ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗಿರಬಹುದು. ಸೂಜಿ ಚಿಕಿತ್ಸೆಗೆ ಹೋಗುವ ಮೊದಲು ಅದನ್ನು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿ.