ಚಿತ್ರಸಂತೆ

ಚಿತ್ರಸಂತೆಯು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ವರ್ಷ, ಸಾಮಾನ್ಯವಾಗಿ ಜನವರಿ ತಿಂಗಳ ಒಂದು ಭಾನುವಾರದಂದು, ಕುಮಾರಕೃಪಾ ರಸ್ತೆಯಲ್ಲಿ ಏರ್ಪಡಿಸುವ ಕಲಾಕೃತಿಗಳ ಪ್ರದರ್ಶನ ಮತ್ತು ಮಾರಾಟ ಮೇಳವಾಗಿದೆ. ಇದು 2003ರಲ್ಲಿ ಆರಂಭವಾಯಿತು. ಪ್ರವೇಶ ಶುಲ್ಕವಿಲ್ಲ. ಕಲಾವಿದರು ತಮ್ಮ ಕೃತಿಗಳನ್ನು ಮಧ್ಯವರ್ತಿಗಳಿಲ್ಲದೆ ನೇರವಾಗಿ ಮಾರುತ್ತಾರೆ. ಕರ್ನಾಟಕದ ಎಲ್ಲ ಭಾಗಗಳಿಂದಲೂ ಹೊರರಾಜ್ಯಗಳಿಂದಲೂ ಕಲಾವಿದರು ಬರುವುದರಿಂದ, ಗ್ಯಾಲರಿಗಳಿಲ್ಲದ ಊರುಗಳ ಕಲಾವಿದರಿಗೂ ವಿದ್ಯಾರ್ಥಿಗಳಿಗೂ ಈ ಸಂತೆಗೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಸ್ಥಾಪನೆಯಾಯಿತು. ಕಲಾವಿದ ಎಂ. ಎಸ್. ನಂಜುಂಡರಾವ್ ಅವರು ಅದರ ಬೆಳವಣಿಗೆಗೆ ಮುಖ್ಯ ಕಾರಣರು. ಮೈಸೂರು ಸಾಂಪ್ರದಾಯಿಕ ಚಿತ್ರಗಳು ಹಾಗೂ ತೊಗಲುಗೊಂಬೆಗಳ ಸಂಗ್ರಹದಲ್ಲಿ ಅವರ ಕೆಲಸ ದೊಡ್ಡದು. ಪರಿಷತ್ತು ಕಲಾ ಕಾಲೇಜನ್ನು ನಡೆಸುವುದರ ಜೊತೆಗೆ, ರೋರಿಕ್ ಕುಟುಂಬದ ಚಿತ್ರಗಳು ಸೇರಿದಂತೆ ಹಲವು ಸಂಗ್ರಹಗಳನ್ನು ಶಾಶ್ವತವಾಗಿ ಪ್ರದರ್ಶಿಸುತ್ತದೆ.

ಮೇಳದ ಹೆಸರಿನಲ್ಲಿಯೇ ಅದರ ಉದ್ದೇಶವಿದೆ. ಗ್ಯಾಲರಿಯ ಬಾಗಿಲು ದಾಟಲು ಹಿಂಜರಿಯುವವರೂ ಸಂತೆಗೆ ಹೋಗಲು ಹಿಂಜರಿಯುವುದಿಲ್ಲ. ಬೆಳೆದವರೇ ಬಂದು ಕಾಳು, ಕಾಯಿಪಲ್ಯ ಮಾರುವ ಸಂತೆಯಂತೆ, ಇಲ್ಲಿ ಬರೆದವರೇ ತಮ್ಮ ಚಿತ್ರದ ಪಕ್ಕದಲ್ಲಿ ಕುಳಿತಿರುತ್ತಾರೆ. ಬೆಲೆ ಕೇಳುವುದೂ ಚೌಕಾಸಿ ಮಾಡುವುದೂ ಇಲ್ಲಿ ಸಹಜ.

ಸಂತೆಯ ದಿನ

ಅಂದು ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಲ್ಲಿಸಲಾಗುತ್ತದೆ. ರಸ್ತೆಯ ಎರಡೂ ಬದಿಗಳಲ್ಲಿ ಮತ್ತು ಪರಿಷತ್ತಿನ ಆವರಣದಲ್ಲಿ ಮಳಿಗೆಗಳಿರುತ್ತವೆ. ಇತ್ತೀಚಿನ ಸಂತೆಗಳಲ್ಲಿ ಒಂದು ಸಾವಿರಕ್ಕೂ ಹೆಚ್ಚು ಕಲಾವಿದರು ಭಾಗವಹಿಸಿದ್ದಾರೆ. ಬೆಲೆಗಳು ನೂರು ರೂಪಾಯಿಯಿಂದ ಲಕ್ಷಗಳವರೆಗೆ ಇರುತ್ತವೆ. ತೈಲವರ್ಣ, ಜಲವರ್ಣ, ಅಕ್ರಿಲಿಕ್ ಚಿತ್ರಗಳು, ಮೈಸೂರು ಮತ್ತು ತಂಜಾವೂರು ಶೈಲಿಯ ಕೃತಿಗಳು, ಮಧುಬನಿ, ವರ್ಲಿ, ಸಣ್ಣ ಶಿಲ್ಪಗಳು ಒಂದೇ ಸಾಲಿನಲ್ಲಿ ಕಾಣಸಿಗುತ್ತವೆ. ಎದುರಿಗೆ ಕುಳಿತವರ ಭಾವಚಿತ್ರವನ್ನು ಕೆಲವೇ ನಿಮಿಷಗಳಲ್ಲಿ ಬರೆದುಕೊಡುವವರ ಸುತ್ತ ಸದಾ ಜನ ನೆರೆದಿರುತ್ತಾರೆ. ಪ್ರತಿ ವರ್ಷದ ಸಂತೆಯನ್ನು ಒಂದು ವಿಷಯಕ್ಕೆ ಅರ್ಪಿಸುವ ರೂಢಿಯಿದೆ: 2020ರಲ್ಲಿ ರೈತರಿಗೆ, 2024ರಲ್ಲಿ ಬಾಹ್ಯಾಕಾಶ ವಿಜ್ಞಾನಿಗಳಿಗೆ, 2025ರಲ್ಲಿ ಹೆಣ್ಣುಮಕ್ಕಳಿಗೆ ಅರ್ಪಿಸಲಾಗಿತ್ತು. ಕೋವಿಡ್ ಕಾರಣದಿಂದ 2021ರ ಸಂತೆ ಅಂತರಜಾಲದಲ್ಲಿ ನಡೆಯಿತು.

ಮಧ್ಯಾಹ್ನದ ಹೊತ್ತಿಗೆ ಜನಸಂದಣಿ ಹೆಚ್ಚಿ, ಚಿತ್ರದ ಮುಂದೆ ನಿಲ್ಲುವುದೇ ಕಷ್ಟವಾಗುತ್ತದೆ. ಕಲಾವಿದರೊಡನೆ ಮಾತನಾಡಬೇಕೆನ್ನುವವರಿಗೆ ಬೆಳಗಿನ ಮೊದಲ ಎರಡು ಗಂಟೆಗಳೇ ಅನುಕೂಲ.

ಮೂಲಕೃತಿ ಮತ್ತು ಮುದ್ರಣ

ಇಂತಹ ಮೇಳಗಳಲ್ಲಿ ಮೊದಲ ಬಾರಿಗೆ ಕೊಳ್ಳುವವರು ಮುಖ್ಯವಾಗಿ ಗಮನಿಸಬೇಕಾದ ವ್ಯತ್ಯಾಸವಿದು. ಮೂಲಕೃತಿಯು ಕಲಾವಿದರು ಕೈಯಾರೆ ಬರೆದ ಒಂದೇ ಒಂದು ಚಿತ್ರ. ಎಚ್ಚಿಂಗ್, ವುಡ್‌ಕಟ್ ಮುಂತಾದ ಮುದ್ರಣ ಕಲೆಯ ಕೃತಿಗಳಲ್ಲಿ ಕಲಾವಿದರೇ ಅಚ್ಚನ್ನು ಸಿದ್ಧಪಡಿಸಿ ನಿಗದಿತ ಸಂಖ್ಯೆಯ ಪ್ರತಿಗಳನ್ನು ತೆಗೆಯುತ್ತಾರೆ. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 3/25 ಎಂದಿದ್ದರೆ ಅದು ಇಪ್ಪತ್ತೈದು ಪ್ರತಿಗಳಲ್ಲಿ ಮೂರನೆಯದು. ಇವೂ ಮೂಲಕೃತಿಗಳೆಂದೇ ಮಾನ್ಯ. ಆದರೆ ಚಿತ್ರದ ಛಾಯಾಚಿತ್ರವನ್ನು ಯಂತ್ರದಿಂದ ಕ್ಯಾನ್ವಾಸಿನ ಮೇಲೆ ಮುದ್ರಿಸಿದ್ದರೆ ಅದು ನಕಲು ಪ್ರತಿ ಮಾತ್ರ. ಓರೆಬೆಳಕಿನಲ್ಲಿ ಹಿಡಿದಾಗ ಬಣ್ಣದ ಏರುತಗ್ಗು, ಕುಂಚದ ಜಾಡು ಕಾಣದಿದ್ದರೆ ಕಲಾವಿದರನ್ನೇ ಕೇಳಿ ತಿಳಿಯುವುದು ಉತ್ತಮ. ಸಹಿ, ಮಾಧ್ಯಮ ಮತ್ತು ವರ್ಷವನ್ನು ಬರೆಸಿಕೊಳ್ಳುವ ರೂಢಿ ಕಲಾವಿದರಿಗೂ ಕೊಳ್ಳುವವರಿಗೂ ಒಳ್ಳೆಯದು.

ಬಿನಾಲೆ ಮತ್ತು ಕಲಾಮೇಳಗಳಿಂದ ಭಿನ್ನತೆ

ಬಿನಾಲೆ ಎಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನ. 1895ರಲ್ಲಿ ಆರಂಭವಾದ ವೆನಿಸ್ ಬಿನಾಲೆ ಇದರ ಮೊದಲ ಮಾದರಿ. ಭಾರತದಲ್ಲಿ ಕೊಚ್ಚಿ-ಮುಜಿರಿಸ್ ಬಿನಾಲೆ 2012ರ ಡಿಸೆಂಬರ್ 12ರಂದು ಆರಂಭವಾಯಿತು. ಇಲ್ಲಿ ಕ್ಯುರೇಟರ್ ಒಬ್ಬರು ಕಲಾವಿದರನ್ನು ಆಯ್ದು ಪ್ರದರ್ಶನಕ್ಕೆ ರೂಪ ಕೊಡುತ್ತಾರೆ. ಮಾರಾಟ ಅದರ ಉದ್ದೇಶವಲ್ಲ. ದೆಹಲಿಯಲ್ಲಿ 2008ರಲ್ಲಿ ಆರಂಭವಾದ ಇಂಡಿಯಾ ಆರ್ಟ್ ಫೇರ್‌ನಲ್ಲಿ ಮಾರಾಟವಿದ್ದರೂ, ಮಳಿಗೆಗಳು ಮುಖ್ಯವಾಗಿ ಗ್ಯಾಲರಿಗಳಿಗೆ ಸೇರಿರುತ್ತವೆ.

ಈ ವ್ಯತ್ಯಾಸದ ಪರಿಣಾಮ ಕೃತಿಗಳಲ್ಲಿಯೇ ಕಾಣುತ್ತದೆ. 2012ರ ಕೊಚ್ಚಿ ಬಿನಾಲೆಯಲ್ಲಿ ಭದ್ರಾವತಿ ಮೂಲದ ಶೀಲಾ ಗೌಡ ಅವರು ಕ್ರಿಸ್ಟೋಫ್ ಸ್ಟೋರ್ಜ್ ಜೊತೆಗೂಡಿ, ಬೆಂಗಳೂರಿನ ಮನೆಗಳವರು ಬೀದಿಗೆ ಹಾಕಿದ್ದ ಸುಮಾರು 170 ರುಬ್ಬುವ ಕಲ್ಲುಗಳನ್ನು ಕೃತಿಯಾಗಿ ಇರಿಸಿದರು. 2014ರ ಬಿನಾಲೆಯಲ್ಲಿ ಮೈಸೂರಿನ ಎನ್. ಎಸ್. ಹರ್ಷ ಅವರ ಸುಮಾರು 24 ಮೀಟರ್ ಉದ್ದದ ಚಿತ್ರವಿತ್ತು. ಇಂತಹ ಕೃತಿಗಳಿಗೆ ಚಿತ್ರಸಂತೆಯಲ್ಲಿ ಜಾಗವೂ ಇಲ್ಲ, ಗಿರಾಕಿಯೂ ಇಲ್ಲ. ಬುದ್ಧ, ಗಣೇಶ, ಕುದುರೆ, ಹಳ್ಳಿಯ ದೃಶ್ಯ ಮುಂತಾದ ಸುಲಭವಾಗಿ ಮಾರಾಟವಾಗುವ ವಸ್ತುಗಳೇ ಸಂತೆಯಲ್ಲಿ ಮರುಕಳಿಸುತ್ತವೆ ಎಂಬ ಟೀಕೆ ನ್ಯಾಯವಾದದ್ದೇ. ಆದರೆ ಕ್ಯುರೇಟರ್‌ಗಳ ಕಣ್ಣಿಗೆ ಬೀಳದ ಸಣ್ಣ ಊರಿನ ಕಲಾವಿದರಿಗೆ ಅಂದಿನ ಮಾರಾಟವು ಮುಂದಿನ ತಿಂಗಳುಗಳ ಬಣ್ಣ, ಕ್ಯಾನ್ವಾಸಿನ ಖರ್ಚೂ ಹೌದು.

ಗದಗ ಜಿಲ್ಲೆ ಮತ್ತು ರೋಣ

ಉತ್ತರ ಕರ್ನಾಟಕದಲ್ಲಿ ಕಲಾಶಿಕ್ಷಣಕ್ಕೆ ಹಳೆಯ ಬೇರುಗಳಿವೆ. ಧಾರವಾಡದಲ್ಲಿ ಡಿ. ವಿ. ಹಾಲಭಾವಿ, ಗದಗದಲ್ಲಿ ವಿಜಯ ಕಲಾ ಮಂದಿರದ ಟಿ. ಪಿ. ಅಕ್ಕಿ ಅವರು ಹಲವು ತಲೆಮಾರಿನ ಚಿತ್ರಕಲಾ ಶಿಕ್ಷಕರನ್ನು ತಯಾರುಮಾಡಿದರು. ರೋಣ, ನರಗುಂದ, ಗಜೇಂದ್ರಗಡದಂತಹ ಊರುಗಳ ಮಕ್ಕಳಿಗೆ ಚಿತ್ರಕಲೆಯ ಮೊದಲ ಪರಿಚಯ ಸಾಮಾನ್ಯವಾಗಿ ಶಾಲೆಯ ಡ್ರಾಯಿಂಗ್ ಮಾಸ್ತರರಿಂದ, ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿಂದ ಆಗುತ್ತದೆ. ಪುಸ್ತಕದಲ್ಲಿ ಅಂಗೈಯಗಲ ಕಂಡ ಚಿತ್ರವನ್ನು ಅದರ ನಿಜವಾದ ಅಳತೆಯಲ್ಲಿ ನೋಡಲು ಮಾತ್ರ ಹೊರಗೆ ಹೋಗಬೇಕಾಗುತ್ತದೆ.

ರೋಣದಿಂದ ಬೆಂಗಳೂರು ನಾಲ್ಕು ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಗದಗದಿಂದ ಹುಬ್ಬಳ್ಳಿ ಮಾರ್ಗವಾಗಿ ರಾತ್ರಿಯ ರೈಲಿನಲ್ಲಿ ಹೊರಟರೆ ಬೆಳಿಗ್ಗೆ ಬೆಂಗಳೂರು ತಲುಪಬಹುದು. ಮುಖ್ಯ ರೈಲು ನಿಲ್ದಾಣದಿಂದ ಕುಮಾರಕೃಪಾ ರಸ್ತೆ ಕೆಲವೇ ಕಿಲೋಮೀಟರ್ ದೂರ. ಅರಮನೆ ರಸ್ತೆಯಲ್ಲಿರುವ, 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವೂ ಪರಿಷತ್ತಿಗೆ ಹತ್ತಿರದಲ್ಲಿದೆ. ಇಂತಹ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆಯಿರುವುದರಿಂದ, ಭಾನುವಾರದ ಸಂತೆಗೆ ಬಂದವರು ಅದನ್ನು ಮರುದಿನಕ್ಕೆ ಉಳಿಸಿಕೊಳ್ಳದೆ ಅದೇ ದಿನ ಸಂಜೆಯೊಳಗೆ ನೋಡಿ ಮುಗಿಸುವುದು ಅನುಕೂಲ.