ಹಳ್ಳಿಯ ಮಹಿಳೆಗೆ ಆಪರೇಷನ್ ಒಂದೇ ದಾರಿಯೇ?

ಬೆಂಗಳೂರು: ಹೆಬ್ಬಾಳ ದಾಟಿ ಯಲಹಂಕದಾಚೆಯ ಹಳ್ಳಿಗಳಿಗೆ ಹೋದರೂ, ದೂರದ ರಾಯಚೂರು ಜಿಲ್ಲೆಗೆ ಹೋದರೂ ಎರಡು ಮಕ್ಕಳ ತಾಯಿಗೆ ಎದುರಾಗುವ ಪ್ರಶ್ನೆ ಒಂದೇ: ‘ಆಪರೇಷನ್ ಆಯ್ತಾ?’ ಯಾವ ಆಪರೇಷನ್ ಎಂದು ಯಾರೂ ಮರುಪ್ರಶ್ನಿಸುವುದಿಲ್ಲ.

ಗ್ರಾಮೀಣ ಮಹಿಳೆಯರು ಸಂತಾನ ನಿಯಂತ್ರಣಕ್ಕೆ ವಿರೋಧಿಗಳೆಂಬ ನಗರವಾಸಿಗಳ ಭಾವನೆಯನ್ನು ಅಂಕಿ ಅಂಶಗಳು ಸಮರ್ಥಿಸುವುದಿಲ್ಲ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವರ್ಷದೊಳಗಿನ ವಿವಾಹಿತೆಯರ ಪೈಕಿ ಶೇ 68.7ರಷ್ಟು ಮಂದಿಯ ಕುಟುಂಬಗಳಲ್ಲಿ ಒಂದಲ್ಲ ಒಂದು ವಿಧಾನ ಬಳಕೆಯಲ್ಲಿತ್ತು. ಆದರೆ ಶೇ 57.4ರಷ್ಟು ಮಹಿಳೆಯರು ಶಸ್ತ್ರಚಿಕಿತ್ಸೆಗೆ ಒಳಗಾದವರು. ಮಾತ್ರೆ, ವಂಕಿ, ನಿರೋಧ್ ಇತ್ಯಾದಿ ಎಲ್ಲ ಸೇರಿ ಉಳಿದದ್ದು ಶೇ 11ರಷ್ಟು. ಪುರುಷರ ಶಸ್ತ್ರಚಿಕಿತ್ಸೆಯ ಪ್ರಮಾಣ ಹೆಚ್ಚುಕಡಿಮೆ ಸೊನ್ನೆ.

ಇದಕ್ಕೆ ಮಹಿಳೆಯರ ಅಜ್ಞಾನವೇ ಕಾರಣವೆನ್ನಲಾಗದು. 1930ರಷ್ಟು ಹಿಂದೆಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಮಂಜೂರಾತಿ ನೀಡಿದ್ದು ಮೈಸೂರು ಸಂಸ್ಥಾನ. 1950ರ ದಶಕದ ಆರಂಭದಲ್ಲಿ ರಾಮನಗರದಲ್ಲಿ ಬಣ್ಣದ ಮಣಿಗಳ ಸರ ಕೊಟ್ಟು ‘ಸುರಕ್ಷಿತ ದಿನ’ಗಳನ್ನು ಎಣಿಸಲು ಕಲಿಸುವ ಪ್ರಯೋಗವೂ ನಡೆದಿತ್ತು; ಫಲ ಕೊಡಲಿಲ್ಲ. ಆನಂತರದ ದಶಕಗಳಲ್ಲಿ ಇಲಾಖೆಯೇ ಶಸ್ತ್ರಚಿಕಿತ್ಸೆಯ ಗುರಿ ನಿಗದಿಪಡಿಸಿ ಸಿಬ್ಬಂದಿಯನ್ನು ಮನೆಮನೆಗೆ ಅಟ್ಟಿತು. 1996ರಲ್ಲಿ ಗುರಿ ಪದ್ಧತಿ ರದ್ದಾದರೂ ರೂಢಿ ಉಳಿಯಿತು.

ಮಹಿಳೆಯ ಲೆಕ್ಕಾಚಾರದಲ್ಲಿಯೂ ತಥ್ಯವಿದೆ. ಒಮ್ಮೆ ಮಾಡಿಸಿಕೊಂಡರೆ ಮುಗಿಯಿತು. ಗಂಡನನ್ನು ದಿನವೂ ಒಪ್ಪಿಸಬೇಕಿಲ್ಲ. ಮಾತ್ರೆಯನ್ನಾದರೆ ಮರೆಯದೆ ನುಂಗಬೇಕು, ಅದನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಇಡಲು ಕೂಡುಕುಟುಂಬದಲ್ಲಿ ಜಾಗವೆಲ್ಲಿ? ಮಾತ್ರೆ ‘ಉಷ್ಣ’ವೆಂಬ ನಂಬಿಕೆ ಬೇರೆ. ವಂಕಿ ಹೊಟ್ಟೆಯೊಳಗೆ ಮೇಲೇರುತ್ತದೆಂಬ ಭಯ ವ್ಯಾಪಕವಾಗಿದೆ. ಗರ್ಭಕೋಶದಲ್ಲಿ ಇರಿಸಿದ ವಂಕಿ ಎದೆಗೆ ಏರುವುದಿಲ್ಲ. ಆದರೆ ಮೊದಲ ಕೆಲವು ತಿಂಗಳು ಋತುಸ್ರಾವ ಹೆಚ್ಚಬಹುದೆಂಬುದು ನಿಜ. ರಕ್ತಹೀನತೆಯಿಂದ ಬಳಲುತ್ತಾ ಕೂಲಿಗೆ ಹೋಗುವವಳಿಗೆ ಇದು ಸಣ್ಣ ತೊಂದರೆಯಲ್ಲ. ಅದನ್ನು ಮೊದಲೇ ತಿಳಿಸದಿದ್ದರೆ ಆಕೆ ತೆಗೆಸಿಬಿಡುತ್ತಾಳೆ, ಸುದ್ದಿ ಊರೆಲ್ಲ ಹರಡುತ್ತದೆ.

ತೊಡಕಿರುವುದು ಮೊದಲ ಮತ್ತು ಎರಡನೆಯ ಮಗುವಿನ ನಡುವಣ ಅವಧಿಯಲ್ಲಿ. ಹೆರಿಗೆಯಾಗಿ ಕನಿಷ್ಠ 24 ತಿಂಗಳ ನಂತರ ಮತ್ತೆ ಗರ್ಭ ಧರಿಸುವುದು ಕ್ಷೇಮವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಪರೇಷನ್ ಒಂದನ್ನೇ ನಂಬಿದ ಕುಟುಂಬದಲ್ಲಿ ಈ ಅಂತರಕ್ಕೆ ಯಾವ ಕಾವಲೂ ಇರುವುದಿಲ್ಲ. ಇನ್ನೊಂದು ಆತಂಕವೆಂದರೆ, ಇಪ್ಪತ್ತರ ಹರೆಯದಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳು ಅಕಸ್ಮಾತ್ ಮಗುವನ್ನು ಕಳೆದುಕೊಂಡರೆ ಕತ್ತರಿಸಿದ ನಾಳವನ್ನು ಮರುಜೋಡಿಸುವುದು ಕಷ್ಟಸಾಧ್ಯ. ಗರ್ಭ ನಿಲ್ಲುವ ಖಾತರಿಯೂ ಇಲ್ಲ.

2017ರಲ್ಲಿ ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪಡೆಯುವ ‘ಅಂತರಾ’ ಚುಚ್ಚುಮದ್ದು ಹಾಗೂ ಹಾರ್ಮೋನ್‌ರಹಿತ ‘ಛಾಯಾ’ ಮಾತ್ರೆಯನ್ನು ಉಚಿತ ಯೋಜನೆಗೆ ಸೇರಿಸಿತು. ಛಾಯಾವನ್ನು ಮೊದಲ ಮೂರು ತಿಂಗಳು ವಾರಕ್ಕೆರಡು, ಬಳಿಕ ವಾರಕ್ಕೊಂದರಂತೆ ನುಂಗಬೇಕು. ಚುಚ್ಚುಮದ್ದಿಗೆ ಮನೆಯಲ್ಲಿ ಬಚ್ಚಿಡುವ ತಾಪತ್ರಯವೇ ಇಲ್ಲ. ಆದರೆ ಅದರಿಂದ ಮುಟ್ಟು ಏರುಪೇರಾಗಬಹುದೆಂದು ಮುಂಚಿತವಾಗಿಯೇ ಹೇಳಬೇಕು.

ಗಂಡಸರ ಆಪರೇಷನ್ ಇವೆಲ್ಲಕ್ಕಿಂತ ಸರಳ. ಹೊಟ್ಟೆ ಕೊಯ್ಯುವುದಿಲ್ಲ, ಅದೇ ದಿನ ಮನೆಗೆ ಮರಳಬಹುದು. ಭಾರ ಹೊರುವ ಶಕ್ತಿ ಕುಂದುತ್ತದೆಂಬುದು ನಿರಾಧಾರ. ಒಂದೇ ಎಚ್ಚರಿಕೆ: ಮೂರು ತಿಂಗಳ ನಂತರ ವೀರ್ಯ ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ನಿರೋಧ್ ಬಳಸಬೇಕು.